ಚಂದ್ರನ ಮೇಲೆ ರೊಟ್ಟಿ ಬಡಿದ ಅಕ್ಕೋರು

ಹೋದ ತಿಂಗಳು ಹಳಿಯಾಳ ತಾಲೂಕಿನ ಸಾಂಬ್ರಾಣಿ ಎಂಬ ಊರಿನಿಂದ ಒಂದು ಕಾರ್ಡು ಬಂತು. ಕೆಲವೇ ಸಾಲು. ಅಕ್ಕೋರು ತೀರಿಕೊಂಡರು, ನರಳಲಿಲ್ಲ, ಕೊನೆಯ ವಾರದಲ್ಲೂ ನಿಮ್ಮನ್ನು ಒಂದು ಮಾತು ಕೇಳಲು ಹೇಳಿದರು, ಯಾವ ಮಾತು ಎಂದು ನಿಮಗೆ ಗೊತ್ತಂತೆ. ಬರೆದವಳು ಅಕ್ಕೋರ ಹಳೆಯ ನೆರೆಯವಳಾದ ಗಂಗವ್ವನ ಸೊಸೆ.

ಗೊತ್ತು. ಸುಮಾರು ನಲವತ್ತು ವರ್ಷ ಅವರು ನನ್ನನ್ನು ಕೇಳಿದ್ದು ಅದೊಂದೇ ಮಾತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರೇ ಹಾಕಿದ ಷರತ್ತು, ಕಾರಣ ಮುಂದೆ ಬರುತ್ತದೆ. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನೆಲ್ಲ ಅಕ್ಕೋರು ಎಂದೇ ಕರೆಯುತ್ತಾರೆ. ದಾಂಡೇಲಿಯಲ್ಲಿ ಆಗ ನಾಲ್ಕಾರು ಮಂದಿ ಅಕ್ಕೋರು ಇದ್ದರು. ಆದರೆ ಮುಂದೆ ಯಾವ ಗುರುತೂ ಸೇರಿಸದೆ ಬರೀ ‘ಅಕ್ಕೋರು’ ಎಂದರೆ ಇವರೇ.

ಐವತ್ತರ ದಶಕದ ಕೊನೆಯಲ್ಲಿ ಅವರು ದಾಂಡೇಲಿಯ ಕನ್ನಡ ಶಾಲೆಗೆ ವರ್ಗವಾಗಿ ಬಂದರು. ನಾನು ಆಗ ಒಂದು ಕಟ್ಟಿಗೆ ಅಡ್ಡೆಯಲ್ಲಿ ಗುಮಾಸ್ತ, ಜೊತೆಗೆ ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುವ ಬಾತ್ಮೀದಾರ. ಊರಿಗೆ ಕಾಗದದ ಕಾರ್ಖಾನೆ ಬಂದು ಕೆಲವು ವರ್ಷಗಳಾಗಿದ್ದವು. ಧಾರವಾಡ, ಬೆಳಗಾವಿ ಕಡೆಯಿಂದ ಬಂದ ಸಂಸಾರಗಳು ಅಂಬೇವಾಡಿಯ ಸಾಲುಮನೆಗಳಲ್ಲಿ ಹೊಂದಿಕೊಳ್ಳುತ್ತಿದ್ದವು. ಅಕ್ಕೋರೂ ಅಲ್ಲಿಯೇ ಎರಡು ಖೋಲಿ ಹಿಡಿದು ಒಬ್ಬರೇ ಇದ್ದರು. ಯಾಕೆ ಒಬ್ಬರೇ ಎಂದು ಕೇಳಿದ ಒಬ್ಬ ಗೃಹಸ್ಥರಿಗೆ ಅವರು, "ನಿಮ್ಮ ಸಂಸಾರ ಹೆಂಗ ನಡದೈತ್ರಿ?" ಎಂದು ಮರಳಿ ಕೇಳಿದರು. ಆ ಗೃಹಸ್ಥರು ಬಹಳ ಹೊತ್ತು ನಿಂತು ಹೇಳಿಕೊಂಡರು. ಆಮೇಲೆ ಯಾರೂ ಕೇಳಲಿಲ್ಲ.

ಎತ್ತರದ ಆಳು. ಬಡಗಿ ಪೆನ್ಸಿಲು ಸಿಕ್ಕಿಸಿಕೊಳ್ಳುವಂತೆ, ಕರಿಹಲಗೆಯ ಮೇಲೆ ಬರೆಯುವ ಖಡುವನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಪೇಟೆಗೂ ಹಾಗೆಯೇ ಬರುತ್ತಿದ್ದರು. ಕಾರ್ಖಾನೆಯ ಭೋಂಗಾ ಕೂಗಿದರೆ ಇಡೀ ಊರು ದನಿ ಏರಿಸಿ ಮಾತಾಡುತ್ತಿತ್ತು. ಅವರು ಮಾತ್ರ ಶಬ್ದದ ನಡುವೆಯೇ ಬಾಯಿ ಮುಚ್ಚಿ, ಭೋಂಗಾ ನಿಂತ ಮೇಲೆ ಬಿಟ್ಟ ಅಕ್ಷರದಿಂದಲೇ ಮುಂದುವರಿಸುತ್ತಿದ್ದರು. ಎಲ್ಲಿ ನಿಲ್ಲಿಸಿದೆ ಎಂದು ಯೋಚಿಸಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ನಾವು ಮೂವರು ಸ್ನೇಹಿತರಾದದ್ದು ಪೇಪರಿನಿಂದ. ಮೂರನೆಯವನು ಹಿರೇಮಠ. ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕೆಲಸ, ಎಲ್ಲವನ್ನೂ ತೂಗಿ ನೋಡುವ ಮನುಷ್ಯ. ಆಕಾಶಕ್ಕೆ ಉಪಗ್ರಹ ಹಾರಿದ ಸುದ್ದಿ, ನಾಯಿ ಹೋದ ಸುದ್ದಿ, ಕೊನೆಗೆ ಮನುಷ್ಯನೇ ಹೋದ ಸುದ್ದಿ ಬಂದಾಗೆಲ್ಲ ಅಕ್ಕೋರು ಅಡ್ಡೆಗೆ ಬಂದು ನನ್ನ ಪೇಪರು ಕೇಳಿ ಓದುತ್ತಿದ್ದರು. ಹಿರೇಮಠ ಅದರ ಲೆಕ್ಕ ಬಿಡಿಸಿ ಹೇಳುತ್ತಿದ್ದ. ಒಂದು ದಿನ ಅಕ್ಕೋರು ಅವನನ್ನು ಕೇಳಿದರು, "ಚಂದ್ರನ ಮ್ಯಾಲೆ ಮನಷ್ಯಾನ ತೂಕ ಎಷ್ಟಾಗತೈತ್ರಿ?"

"ಆರರಾಗ ಒಂದು ಪಾಲು."

ಅಕ್ಕೋರು ಸ್ವಲ್ಪ ಹೊತ್ತು ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಒಬ್ಬರೇ ನಗುತ್ತ ಎದ್ದು ಹೋದರು. ಯಾಕೆ ಎಂದು ನಮಗೆ ತಿಳಿಯಲಿಲ್ಲ.

ಒಂದು ವರ್ಷದ ಮೇಲೆ ತಿಳಿಯಿತು. ಅವರು ಕಾದಂಬರಿ ಬರೆದಿದ್ದರು. ಕಾರ್ಖಾನೆಯಲ್ಲಿ ಹಾಳೆಯ ಅಂಚು ಕತ್ತರಿಸಿದಾಗ ಉಳಿಯುವ ಉದ್ದನೆಯ ಪಟ್ಟಿಗಳನ್ನು ಕೇಳಿದವರಿಗೆ ಕೊಡುತ್ತಿದ್ದರು. ಪಕ್ಕದ ಮನೆಯ ಗಂಗವ್ವನ ಗಂಡ ಕತ್ತರಿಸುವ ವಿಭಾಗದಲ್ಲಿದ್ದ, ಅವನು ತಂದುಕೊಟ್ಟ ಪಟ್ಟಿಗಳು. ನಾಲ್ಕು ಬೆರಳು ಅಗಲ. ಒಂದು ಸಾಲಿಗೆ ಮೂರು ನಾಲ್ಕು ಶಬ್ದ ಮಾತ್ರ ಹಿಡಿಯುತ್ತಿದ್ದವು. ಇಷ್ಟು ಸಣ್ಣ ಸಾಲಿನಲ್ಲಿ ಬರೆಯುವುದು ಕಷ್ಟವಲ್ಲವೇ ಎಂದೆ. "ಸಾಲು ಉದ್ದ ಆದ್ರ ನಗಿ ಅರ್ಧದಾರ್ಯಾಗ ಕುಂದರತೈತ್ರಿ" ಎಂದರು.

ಕತೆ ಹೀಗಿತ್ತು. ಐದು ಜನ ಮಹಾ ವಿಜ್ಞಾನಿಗಳು ಚಂದ್ರನ ಮೇಲೆ ಇಳಿಯುತ್ತಾರೆ. ಗಾಳಿ ತುಂಬಿದ ಗುಡಾರ ಒಯ್ದಿದ್ದಾರೆ, ಒಲೆ ಒಯ್ದಿದ್ದಾರೆ, ಒಂದು ಚೀಲ ಜೋಳದ ಹಿಟ್ಟೂ ಒಯ್ದಿದ್ದಾರೆ. ಹಸಿವಾಗುತ್ತದೆ. ಕ್ಯಾಪ್ಟನ್ನು ರೊಟ್ಟಿ ಬಡಿಯಲು ಕೂರುತ್ತಾನೆ. ರೊಟ್ಟಿ ಬಡಿಯುವುದೆಂದರೆ ಮೈಭಾರವನ್ನು ಅಂಗೈಗೆ ಇಳಿಸುವುದು, ಅಲ್ಲಿ ಮೈಯಲ್ಲಿ ಭಾರವೇ ಇಲ್ಲ. ಅವನು ಒಂದು ಪೆಟ್ಟು ಬಡಿದರೆ ಹಿಟ್ಟು ಇದ್ದಲ್ಲೇ ಇರುತ್ತದೆ, ಕ್ಯಾಪ್ಟನ್ನು ಮೇಲೇಳುತ್ತಾನೆ. ಉಳಿದ ನಾಲ್ವರು ಅವನ ಹೆಗಲು ಹಿಡಿಯುತ್ತಾರೆ. ಈಗ ಐವರೂ ಏಳುತ್ತಾರೆ. ಗುಡಾರದ ಚಾವಣಿಗೆ ತಲೆ ತಾಗಿಸಿಕೊಂಡು ‘ಭಾರ ಕಳಿಸಿರಿ’ ಎಂದು ಭೂಮಿಗೆ ತಂತಿ ಹೊಡೆಯುತ್ತಾರೆ. ಭೂಮಿಯಲ್ಲಿ ಸಮಿತಿ ನೇಮಕವಾಗುತ್ತದೆ. ಸಮಿತಿಯ ಮೇಲೆ ಉಪಸಮಿತಿ. ಕೊನೆಗೆ ಹಳಿಯಾಳ ತಾಲೂಕಿನ ಯಲ್ಲವ್ವ ಎಂಬವಳನ್ನು ಕಳಿಸುತ್ತಾರೆ. ಅವಳು ಬೀಸುವ ಕಲ್ಲನ್ನು ಸೀರೆಯ ಸೆರಗಿನಿಂದ ಸೊಂಟಕ್ಕೆ ಕಟ್ಟಿಕೊಂಡು ಕೂತು, ಐವರಿಗೂ ಆಗುವಷ್ಟು ರೊಟ್ಟಿ ಬಡಿದು, ಕೈ ತೊಳೆದುಕೊಳ್ಳುತ್ತಾಳೆ. ಕ್ಯಾಪ್ಟನ್ನು ದಿನಚರಿಯಲ್ಲಿ ಬರೆಯುತ್ತಾನೆ: ‘ಸಮಸ್ಯೆ ತಾನಾಗಿಯೇ ಬಗೆಹರಿಯಿತು.’

ಅದು ಮೊದಲ ಭಾಗ. ಧಾರವಾಡದ ಒಬ್ಬ ಪ್ರಕಾಶಕರಿಗೆ ಅದರ ಒಂದು ಪ್ರತಿ ಬರೆದು ಕಳಿಸಿದ್ದರು. ಅವರು ಹೂಂ ಎಂದಿರಲಿಲ್ಲ, ಇಲ್ಲ ಎಂದೂ ಇರಲಿಲ್ಲ. ಊರಲ್ಲಿ ಒಮ್ಮೆ ವಾಚನ ಮಾಡಿರಿ, ಜನ ಏನೆನ್ನುತ್ತಾರೆ ನೋಡೋಣ ಎಂದು ಬರೆದಿದ್ದರು. ಆ ಪುಸ್ತಕ ಆಗುವುದೂ ಬಿಡುವುದೂ ಆ ವಾಚನದ ಮೇಲೆ ನಿಂತಿತ್ತು. ಇದು ನನಗೆ ಗೊತ್ತಿತ್ತು.

ವಾಚನಾಲಯದ ಹಾಲಿನಲ್ಲಿ ಒಂದು ರವಿವಾರ ಸಂಜೆ ನಾಲ್ಕಕ್ಕೆ ಸಭೆ ಸೇರಿತು. ಅಧ್ಯಕ್ಷರು ಓವರ್ಸಿಯರ್ ಸಾಹೇಬರು. ಬೆಂಚುಗಳಲ್ಲಿ ನಾವು ಗಂಡಸರು. ಹೆಣ್ಣುಮಕ್ಕಳು ಹೊರಗೆ ಜಗಲಿಯಲ್ಲಿ, ಕಿಟಕಿಯ ಕೆಳಗೆ. ಅಲ್ಲಿ ಕೂರಿರಿ ಎಂದು ಯಾರೂ ಹೇಳಿರಲಿಲ್ಲ, ಒಳಗೆ ಬರ್ರಿ ಎಂದೂ ಹೇಳಿರಲಿಲ್ಲ. ಅಕ್ಕೋರು ಒಳಗೆ ನಿಂತು ಓದಿದರು. ಆದರೆ ಅಧ್ಯಕ್ಷರ ಕಡೆಗಲ್ಲ, ಕಿಟಕಿಯ ಕಡೆಗೆ ಓರೆಯಾಗಿ ನಿಂತು. ಸಭಾಮರ್ಯಾದೆ ತಿಳಿಯದು ಎಂದು ನಾನು ಟಿಪ್ಪಣಿ ಮಾಡಿಕೊಂಡೆ.

ಕ್ಯಾಪ್ಟನ್ನು ಒಂದು ಪೆಟ್ಟಿಗೆ ಗೇಣುದ್ದ ಮೇಲೆದ್ದ ಎಂಬಲ್ಲಿ ಅವರು ಓದು ನಿಲ್ಲಿಸಿ ನಮ್ಮನ್ನು ನೋಡಿದರು. ಹಾಲಿನಲ್ಲಿ ಯಾರದೋ ಕೆಮ್ಮು ಬಿಟ್ಟರೆ ಸದ್ದಿಲ್ಲ. ಓವರ್ಸಿಯರ್ ಸಾಹೇಬರು ಗಂಟಲು ಸರಿಮಾಡಿಕೊಂಡರು.

"ಅಕ್ಕೋರ, ಚಂದ್ರಲೋಕದ ಕಾದಂಬರಿ ಅಂತ ಕರದ್ರಿ. ಅಡಗಿಮನ್ಯಾಗ ಕುಂಡ್ರಿಸಿದಂಗ ಆಗೈತಿ."

"ಚಂದ್ರಲೋಕಕ್ಕ ಹೋದವ್ರು ಉಣ್ಣಂಗಿಲ್ಲೇನ್ರಿ ಸಾಹೇಬ್ರ?"

"ಉಣ್ತಾರ. ಅದನ್ನ ಬರೀಬೇಕಂತೇನಿಲ್ಲಲ್ಲ."

"ಉಣ್ಣೂದು ಮುಚ್ಚಿಟ್ಟು ಮಾಡೂ ಕೆಲಸ ಅಲ್ರಿ."

ಹಿರೇಮಠ ಎದ್ದು ನಿಂತ. "ಅಕ್ಕೋರ, ಒಂದು ತಪ್ಪೈತಿ. ಒಂದು ಪೆಟ್ಟಿಗೆ ಗೇಣು ಏಳಂಗಿಲ್ಲ. ಭಾಳ ಅಂದ್ರ ಎರಡು ಬೆರಳು."

ಅಕ್ಕೋರು ಅಲ್ಲಿಯೇ ಪಟ್ಟಿಯನ್ನು ಗೋಡೆಗೆ ಒತ್ತಿ ಹಿಡಿದು ‘ಗೇಣು’ ಹೊಡೆದುಹಾಕಿ ‘ಎರಡು ಬೆರಳು’ ಎಂದು ಬರೆದರು. "ತಿದ್ದೇನ್ರಿ. ಈಗ ನಗ್ರಿ."

"ಲೆಕ್ಕ ಬರೋಬರಿ ಆತು. ನಗಿ ಬರವಲ್ದು."

"ಹಂಗಾರ ಕುಂಡ್ರಿ. ಮುಂದ ಕೇಳ್ರಿ."

ಇನ್ನೂ ಮೂರರಲ್ಲಿ ಒಂದು ಪಾಲು ಬಾಕಿ ಇತ್ತು. ಐದೂವರೆಗೆ ಹುಬ್ಬಳ್ಳಿಯ ಕಡೆಯ ಬಸ್ಸು. ಆ ಬಸ್ಸಿನ ಕಂಡಕ್ಟರ ಕೈಗೆ ಲಕೋಟೆ ಕೊಟ್ಟರೆ ಮಾತ್ರ ಮರುದಿನದ ಪೇಪರಿನಲ್ಲಿ ಸುದ್ದಿ. ದಾಂಡೇಲಿಯ ಬಾತ್ಮೀದಾರನ ಕೆಲಸವೇ ಹಾಗೆ. ಸಭೆ ಮುಗಿಯುವುದು ಯಾವಾಗಲಾದರೂ ಸರಿ, ವರದಿ ಬಸ್ಸಿನ ಹೊತ್ತಿಗೆ ಮುಗಿಯಬೇಕು. ನಾನು ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು ಬರೆದೆ: ‘ಸ್ಥಳೀಯ ಶಿಕ್ಷಕಿಯೊಬ್ಬರು ಸ್ವರಚಿತ ಹಾಸ್ಯ ವೈಜ್ಞಾನಿಕ ಕಾದಂಬರಿಯನ್ನು ವಾಚಿಸಿದರು. ಯಾರೂ ನಗಲಿಲ್ಲ.’ ಎರಡನೆಯ ವಾಕ್ಯ ನನಗೆ ಬಹಳ ಹಿಡಿಸಿತು. ಎರಡೇ ಶಬ್ದ, ಒಂದು ಅಕ್ಷರ ಹೆಚ್ಚಿಲ್ಲ. ಹಾಳೆಯನ್ನು ಲಕೋಟೆಗೆ ಹಾಕಿಕೊಂಡು ಎದ್ದೆ.

ಹೊರಗೆ ಬಂದಾಗ ಕಂಡದ್ದನ್ನು ಈಗ ದಾಖಲಿಸುತ್ತೇನೆ. ಜಗಲಿಯಲ್ಲಿ ಹತ್ತು ಹದಿನೈದು ಹೆಣ್ಣುಮಕ್ಕಳಿದ್ದರು. ಒಬ್ಬರೂ ನೆಟ್ಟಗೆ ಕೂತಿರಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡವರು, ಕಂಬಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡವರು. ಗಂಗವ್ವ ಪಕ್ಕದವಳ ತೊಡೆಗೆ ಬಡಿದು ಬಡಿದು ನಗುತ್ತಿದ್ದಳು, ಕಣ್ಣಲ್ಲಿ ನೀರು. ಸಾಂಬ್ರಾಣಿಯ ಒಕ್ಕಲಿನ ಮನೆಯ ಹೆಣ್ಣು ಅವಳು, ಹತ್ತು ಜನರ ರೊಟ್ಟಿ ಬಡಿದು ಬೆಳೆದವಳು. ನನ್ನನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು, "ಬಾತ್ಮೀದಾರ್ರ, ಆ ಕ್ಯಾಪ್ಟನ್ ಹಿಟ್ಟಿಗೆ ಬಿಸಿನೀರು ಹಾಕಿದ್ನೋ, ತಣ್ಣೀರು ಹಾಕಿದ್ನೋ? ತಣ್ಣೀರು ಹಾಕಿದ್ರ ರೊಟ್ಟಿ ಭೂಮಿ ಮ್ಯಾಲೂ ಆಗಂಗಿಲ್ಲರಿ."

ನನಗೆ ಗೊತ್ತಿಲ್ಲ ಎಂದು ಹೇಳಿ ಬಸ್ ನಿಲ್ದಾಣಕ್ಕೆ ನಡೆದೆ.

ಮರುದಿನ ಪೇಪರಿನವರು ಅದಕ್ಕೆ ಚೌಕಟ್ಟು ಹಾಕಿ ‘ನಗು ಬಾರದ ಹಾಸ್ಯ’ ಎಂಬ ತಲೆಬರಹ ಕೊಟ್ಟಿದ್ದರು. ವಾರದೊಳಗೆ ಧಾರವಾಡದಿಂದ ಪ್ರತಿಯ ಕಟ್ಟು ವಾಪಸು ಬಂತು. ಮೇಲೆ ನನ್ನ ವರದಿಯ ತುಣುಕನ್ನು ಟಾಚಣಿಯಿಂದ ಚುಚ್ಚಿದ್ದರು. ಅಡುಗೆಯ ಭಾಗ ತೆಗೆದು ರಾಕೆಟ್ಟಿನ ಭಾಗ ಬೆಳೆಸಿದರೆ ಮತ್ತೆ ನೋಡಬಹುದು ಎಂದು ಒಂದು ಚೀಟಿ.

ಅಕ್ಕೋರು ಅದನ್ನು ಹಿಡಿದುಕೊಂಡು ಅಡ್ಡೆಗೆ ಬಂದರು. ಅಳುತ್ತಾರೆಂದು ನಾನು ಹೆದರಿದ್ದೆ. ಅವರು ಸ್ಟೂಲು ಎಳೆದು ಕೂತು, ಚೀಟಿಯನ್ನು ನನ್ನ ಮುಂದೆ ಇಟ್ಟರು.

"ರೊಟ್ಟಿ ತಗೀರಿ ಅಂತಾರ. ರೊಟ್ಟಿ ತಗದ್ರ ಉಳಿಯೂದು ಬರೇ ರಾಕೆಟ್. ರಾಕೆಟ್ ಬೇಕಾದಂವ ಹಾರಸ್ತಾನ. ನಾ ತಗಿಯಂಗಿಲ್ಲ. ಅದು ನನಗೂ ಅವರಿಗೂ ಬಿಟ್ಟ ಮಾತು. ನಿಮ್ಮ ಕಡೆ ಬಂದಿದ್ದು ಬ್ಯಾರೆ ಕೆಲಸಕ್ಕ. ಯಾರೂ ನಗಲಿಲ್ಲ ಅಂತ ಬರದೀರಿ. ತಪ್ಪೈತಿ. ತಿದ್ದುಪಡಿ ಹಾಕ್ರಿ."

"ಅಕ್ಕೋರ, ಪೇಪರಿನ್ಯಾಗ ಹೆಸರು ತಪ್ಪಾದ್ರ ತಿದ್ತಾರ, ಅಂಕಿಸಂಖ್ಯಾ ತಪ್ಪಾದ್ರ ತಿದ್ತಾರ. ನಗಿಗೆಲ್ಲಾ ತಿದ್ದುಪಡಿ ಇರಂಗಿಲ್ಲ."

"ಯಾರೂ ಅಂದ್ರ ಎಷ್ಟು ಮಂದಿರಿ?"

"ಅಂದ್ರ... ಯಾರೂ ಇಲ್ಲ."

"ಸೊನ್ನಿ. ಸೊನ್ನಿ ಸಂಖ್ಯಾ ಹೌದೋ ಅಲ್ಲೋ? ನಾ ಒಂದನೇ ಕ್ಲಾಸಿನ ಹುಡುಗರಿಗೆ ಹೌದು ಅಂತ ಕಲಸೇನಿ. ಸುಳ್ಳು ಕಲಿಸಿದ್ರ ಹೇಳ್ರಿ, ನಾಳೆ ಹೋಗಿ ತಿದ್ದಿ ಬರ್ತೇನಿ."

ನಾನು ಚೀಟಿಯನ್ನು ಅವರ ಕಡೆಗೆ ಸರಿಸಿದೆ.

"ನಿಮಗ ನಗಿ ಬರಲಿಲ್ಲ, ಅದು ನಿಮ್ಮ ಇಚ್ಛಾ. ಅದನ್ನ ತಿದ್ರಿ ಅಂತ ನಾ ಕೇಳಂಗಿಲ್ಲ. ಮತ್ತ ಇನ್ನೊಂದು. ವರದ್ಯಾಗ ನನ್ನ ಹೆಸರು ಹಾಕಲಿಲ್ಲ. ಶಿಕ್ಷಕಿಯೊಬ್ಬರು ಅಂದ್ರಿ. ಛಲೋ ಆತು. ತಿದ್ದುಪಡಿಗೂ ಹಾಕಬ್ಯಾಡ್ರಿ. ಇಲ್ಲಾಂದ್ರ ಹೆಸರಿನ ಆಸೆಕ್ಕ ಬಂದ್ಲು ಅಂತೀರಿ."

ನಾನು ತಿದ್ದುಪಡಿ ಕಳಿಸಲಿಲ್ಲ. ಕಾರಣ ಸರಳ. ಕಳಿಸಿದರೆ ಸಭೆ ಮುಗಿಯುವ ಮೊದಲೇ ಎದ್ದು ಬಂದದ್ದು ಹುಬ್ಬಳ್ಳಿಗೆ ಗೊತ್ತಾಗುತ್ತಿತ್ತು, ಬಾತ್ಮೀದಾರಿಕೆ ಹೋಗುತ್ತಿತ್ತು. ಅದನ್ನು ಅವರಿಗೆ ಹೇಳಲಿಲ್ಲ. ಕಾದಂಬರಿಯೇ ನಗು ತರಿಸುವುದಿಲ್ಲ ಎಂದು ವಾದ ಮಾಡಿದೆ. ವಾದ ಮಾಡುವುದು ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಸುಲಭ.

ವಾದ ಒಂದು ತಿಂಗಳು ನಡೆಯಿತು. ಹಿರೇಮಠ ನನ್ನ ಪಕ್ಷ. ಕೊನೆಗೆ ಅಕ್ಕೋರು ಒಂದು ಪರೀಕ್ಷೆ ಇಟ್ಟರು. "ಇಬ್ಬರೂ ಮೊದಲ ರೊಟ್ಟಿ ಬಡೀರಿ. ಆಮ್ಯಾಲೆ ಕಾದಂಬರಿ ಬೈಯಾಕ ಬರ್ರಿ."

ಅವರ ಮನೆಯ ಪಡಸಾಲೆಯಲ್ಲಿ ಒಲೆ ಹೂಡಿದರು. ಪರೀಕ್ಷಕಿ ಗಂಗವ್ವ. ನನ್ನ ರೊಟ್ಟಿ ಮೂರನೆಯ ಪೆಟ್ಟಿಗೇ ಹರಿಯಿತು. "ಇದು ರೊಟ್ಟಿ ಅಲ್ರಿ, ಕಾಳಿ ನದಿ ನಕಾಶೆ" ಎಂದಳು ಗಂಗವ್ವ. ಹಿರೇಮಠ ಕೂತು ಬೆರಳ ತುದಿಯಿಂದ ತಟ್ಟುತ್ತಿದ್ದ, ಹಿಟ್ಟು ಅಲುಗುತ್ತಿರಲಿಲ್ಲ. ಗಂಗವ್ವ ಬೈದಳು, "ಯಪ್ಪಾ, ಕೂಸಿನ ಬೆನ್ನು ತಟ್ಟೀರೇನು? ಭಾರ ಹಾಕ್ರಿ, ಭಾರ! ಹೆಗಲಿಂದ ಇಳೀಲಿ!"

ಹಿರೇಮಠ ಮೊಣಕಾಲ ಮೇಲೆ ಎದ್ದು, ಹೆಗಲು ಬಗ್ಗಿಸಿ, ಮೈಯೆಲ್ಲ ಅಂಗೈಗೆ ತಂದು ಒಂದು ಪೆಟ್ಟು ಹಾಕಿದ. ಹಿಟ್ಟು ಅಗಲವಾಯಿತು. ಅವನು ಹಾಗೆಯೇ ಕೈ ಮೇಲೆತ್ತಿ ನಿಂತುಬಿಟ್ಟ. ಮುಖ ಒಂದು ಥರಾ ಆಯಿತು. ಆಮೇಲೆ ಅವನ ಹೊಟ್ಟೆಯೊಳಗಿಂದ ನಗು ಬಂತು. "ಎರಡು ಬೆರಳು..." ಎಂದ, ಮತ್ತೆ ನಕ್ಕ. "ಉಳಿದ ನಾಕು ಮಂದಿ ಹೆಗಲು ಹಿಡದ್ರಲ್ಲೋ..." ಹಿಟ್ಟಿನ ಕೈಯಲ್ಲೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಮುಖವೆಲ್ಲ ಬೆಳ್ಳಗಾಯಿತು. ಅಕ್ಕೋರು ಕಿವಿಯ ಮೇಲಿಂದ ಖಡು ತೆಗೆದು ಗೋಡೆಯ ಮೇಲೆ ಒಂದು ಗೆರೆ ಎಳೆದರು.

"ಒಂದು ಬಿತ್ತು," ಎಂದು ನನ್ನ ಕಡೆ ತಿರುಗಿದರು. "ನಿಮಗ?"

"ಇಲ್ರಿ."

ನಿಜವಾಗಿಯೂ ಬರಲಿಲ್ಲ. ರೊಟ್ಟಿಗೆ ಭಾರ ಬೇಕು ಎಂಬುದು ತಿಳಿಯಿತು, ಕ್ಯಾಪ್ಟನ್ನು ಯಾಕೆ ಎದ್ದ ಎಂಬುದೂ ತಿಳಿಯಿತು. ತಿಳಿಯುವುದು ಬೇರೆ, ನಗು ಬರುವುದು ಬೇರೆ. ಅಕ್ಕೋರಿಗೆ ಸಿಟ್ಟು ಬರಲಿಲ್ಲ. "ಸುಳ್ಳು ನಗಲಿಲ್ಲ, ಅಷ್ಟು ಪ್ರಾಮಾಣಿಕರಿದೀರಿ" ಎಂದರು. "ಉಳಿದ ಅಷ್ಟು ಪ್ರಾಮಾಣಿಕತನ ಯಾವಾಗ ಬರತೈತಿ?" ನನ್ನ ಹರಿದ ರೊಟ್ಟಿಯನ್ನೇ ಬೇಯಿಸಿ, ಬೆಣ್ಣೆ ಹಾಕಿ ನನಗೆ ಉಣ್ಣಲು ಕೊಟ್ಟರು.

ಮರುವರ್ಷ ಅವರಿಗೆ ಜೋಯಿಡಾ ಕಡೆಗೆ ವರ್ಗವಾಯಿತು. ಪಟ್ಟಿಯ ಗಂಟು ಜೊತೆಗೇ ಹೋಯಿತು. ಅಲ್ಲಿ ಕೊಂಕಣಿ ಮಾತು, ಭತ್ತದ ಸೀಮೆ, ಜೋಳದ ರೊಟ್ಟಿ ಬಡಿಯುವವರು ಕಡಿಮೆ. ಮೊದಲ ಸಲ ಓದಿದಾಗ ಹೆಂಗಸರು ಮರ್ಯಾದೆಗೆ ತಲೆದೂಗಿದರಂತೆ. ಓವರ್ಸಿಯರ್ ಸಾಹೇಬರಿಗಾಗಿ, ಪ್ರಕಾಶಕರಿಗಾಗಿ ಒಂದು ಅಕ್ಷರ ಬದಲಿಸದವರು ಆ ಹೆಂಗಸರಿಗಾಗಿ ಇಡೀ ಅಧ್ಯಾಯ ಹೊಸದಾಗಿ ಬರೆದರು. ಹಿಟ್ಟಿನ ಚೀಲದ ಜಾಗದಲ್ಲಿ ಭತ್ತದ ಚೀಲ, ಕ್ಯಾಪ್ಟನ್ನಿನ ಕೈಗೆ ಒನಕೆ. ಅವನು ಎತ್ತಿದ ಒನಕೆ ಮೇಲೆ ಹೋಗುತ್ತದೆ. ಐವರೂ ಕತ್ತೆತ್ತಿ ಕಾಯುತ್ತಾರೆ. ಒನಕೆ ಇಳಿದು ಬರುವಷ್ಟರಲ್ಲಿ ಇಬ್ಬರಿಗೆ ನಿದ್ದೆ ಬಂದಿರುತ್ತದೆ. ಅದನ್ನು ಕೊಂಕಣಿಯಲ್ಲಿ ಹೇಳಿದಾಗ ಒಬ್ಬ ಮುದುಕಿ ನಗುತ್ತ ನಗುತ್ತ ಎದ್ದು ಅಂಗಳಕ್ಕೆ ಹೋಗಿ ಕೂತಳಂತೆ.

ಇದನ್ನು ಅವರು ನನಗೆ ಹೇಳಿದ್ದು ದಾಂಡೇಲಿಯ ಬಸ್ ನಿಲ್ದಾಣದಲ್ಲಿ, ಮುಂಡಗೋಡಿಗೆ ವರ್ಗವಾಗಿ ಹೋಗುವಾಗ. ಟ್ರಂಕಿನ ಮೇಲೆ ಪಟ್ಟಿಯ ಗಂಟು ಇತ್ತು. ಬಿದಿರಿನ ಎರಡು ಸೀಳುಗಳ ನಡುವೆ ಇಟ್ಟು ಬಿಗಿದು ಕಟ್ಟಿದ್ದರು. "ಧಾರವಾಡದವ್ರು ಛಾಪಿಸಲಿಲ್ಲ ಅಂತ ನಿಮಗ ಕೆಟ್ಟ ಅನಸತೈತೇನ್ರಿ?" ಎಂದು ಕೇಳಿದೆ.

"ಅನಸತೈತಿ. ಯಾಕ ಅನಸಬಾರದು?" ಎಂದರು. "ಅಳಕೋತ ಕುಂಡ್ರಬೇಕೇನು? ಅವರು ಛಾಪಸಂಗಿಲ್ಲ ಅಂದ್ರು, ನಾ ನಿಲ್ಲಸಂಗಿಲ್ಲ ಅಂದೆ. ಇಬ್ಬರೂ ಅಂದಂಗ ನಡದೈತಿ."

ಬಸ್ಸು ಹೊರಡುವಾಗ ಕಿಟಕಿಯಿಂದ ತಲೆ ಹಾಕಿ ಕೇಳಿದರು, "ತಿದ್ದುಪಡಿ ಬಂತೇನ್ರಿ?"

ಅದೇ ಆ ಮಾತು. ಎಲ್ಲಿ ಸಿಕ್ಕರೂ, ಸಂತೆಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಹಿರೇಮಠನ ಮಗಳ ತೊಟ್ಟಿಲು ಕಾರ್ಯದಲ್ಲಿ, ಯೋಗಕ್ಷೇಮ ವಿಚಾರಿಸಿದ ಮೇಲೆ ಅದೊಂದು ಮಾತು. ದನಿಯಲ್ಲಿ ಮುನಿಸಿಲ್ಲ, ಚೇಷ್ಟೆಯೂ ಇಲ್ಲ. ಮನೆಪಾಠ ಮಾಡಿದೆಯಾ ಎಂದು ಕೇಳುವ ದನಿ.

ಅರವತ್ತರ ದಶಕದ ಕೊನೆಗೆ ನಾನು ಹುಬ್ಬಳ್ಳಿಯ ಕಚೇರಿಗೇ ಬಂದೆ. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ಸುದ್ದಿಯ ಪುಟ ಕಟ್ಟಿದವರಲ್ಲಿ ನಾನೂ ಒಬ್ಬ. ವಾರದ ಮೇಲೆ ಮುಂಡಗೋಡಿನಿಂದ ಕಾರ್ಡು ಬಂತು: ‘ಹೋದವರ ಸುದ್ದಿ ಪೂರಾ ಓದಿದೆ. ಬೂಟಿನ ಅಳತೆ ಬರೆದಿದ್ದೀರಿ, ಕಲ್ಲಿನ ತೂಕ ಬರೆದಿದ್ದೀರಿ. ಏನು ಉಂಡರು, ಅದನ್ನು ಮಾಡಿ ಕಟ್ಟಿಕೊಟ್ಟವರು ಯಾರು ಎಂದು ಬರೆದಿಲ್ಲ. ತಿದ್ದುಪಡಿ ಬಂತೇ?’

ಆ ಹೊತ್ತಿಗೆ ತಿದ್ದುಪಡಿ ಹಾಕುವ ಅಧಿಕಾರವೂ ನನ್ನ ಕೈಯಲ್ಲಿತ್ತು. ಹಳೆಯ ಸುದ್ದಿ, ಯಾರಿಗೆ ನೆನಪಿದೆ ಎಂದು ಬಿಟ್ಟೆ. ನೆನಪಿದ್ದವರು ಒಬ್ಬರಿದ್ದರು ಎಂಬುದಕ್ಕೆ ಸಾಕ್ಷಿಯಾಗಿ ಆ ಕಾರ್ಡು ನನ್ನ ಮೇಜಿನ ಮೇಲೆಯೇ ಇತ್ತು. ಕ್ಯಾಪ್ಟನ್ನಿನ ದಿನಚರಿಯ ಸಾಲು, ‘ಸಮಸ್ಯೆ ತಾನಾಗಿಯೇ ಬಗೆಹರಿಯಿತು’, ಆ ದಿನ ಮೊದಲ ಸಲ ನನಗೆ ತಟ್ಟಿತು. ಆದರೂ ನಗು ಬರಲಿಲ್ಲ.

ನಿವೃತ್ತಿಯ ಮೇಲೆ ಅವರು ಗಂಗವ್ವನ ಊರಿಗೆ ಬಂದು ನೆಲೆಸಿದರು. ಗಂಗವ್ವ ಮೊದಲು ಹೋದಳು, ಈಗ ಅಕ್ಕೋರು. ಪುಸ್ತಕ ಕೊನೆಗೂ ಆಗಲಿಲ್ಲ. ಸೊಸೆಯ ಕಾರ್ಡಿನ ಕೊನೆಯ ಸಾಲುಗಳು ಇವು: ‘ಪಟ್ಟಿಯ ಗಂಟು ನಮ್ಮಲ್ಲಿದೆ. ಒಬ್ಬಳು ಓದುತ್ತಾಳೆ, ಉಳಿದವರು ರೊಟ್ಟಿ ಬಡಿಯುತ್ತೇವೆ. ಕ್ಯಾಪ್ಟನ್ನು ಮೇಲೆದ್ದಲ್ಲಿ ಬಡಿಯುವುದು ನಿಲ್ಲುತ್ತದೆ.’

ಆ ಕಾದಂಬರಿ ನಗು ತರಿಸುತ್ತದೆಯೇ ಎಂಬ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಈಗ ಅವರಿಲ್ಲ ಎಂದು ನಕ್ಕೆ ಎಂದರೆ ಅವರೇ ಒಪ್ಪುವುದಿಲ್ಲ. ಆದರೆ ಅದು ಅಭಿಪ್ರಾಯ. ನಾನು ಆ ದಿನ ಬರೆದದ್ದು ಸುದ್ದಿ. ಸುದ್ದಿ ತಪ್ಪಾಗಿದ್ದರೆ ತಿದ್ದಬೇಕು, ತಿದ್ದುಪಡಿಯಲ್ಲಿ ಹೊಗಳಿಕೆಯೂ ಇರಬಾರದು, ಮರುಕವೂ ಇರಬಾರದು. ಹಾಗೆಯೇ ಬರೆಯುತ್ತೇನೆ.

ತಿದ್ದುಪಡಿ: ದಾಂಡೇಲಿಯ ವಾಚನಾಲಯದಲ್ಲಿ ಶಿಕ್ಷಕಿಯೊಬ್ಬರು ಸ್ವರಚಿತ ಹಾಸ್ಯ ಕಾದಂಬರಿಯನ್ನು ವಾಚಿಸಿದ ಸಭೆಯ ವರದಿಯಲ್ಲಿ ‘ಯಾರೂ ನಗಲಿಲ್ಲ’ ಎಂದು ಪ್ರಕಟವಾಗಿತ್ತು. ಅದು ತಪ್ಪು. ಜಗಲಿಯಲ್ಲಿ ಕೂತಿದ್ದ ಹೆಣ್ಣುಮಕ್ಕಳೆಲ್ಲರೂ ನಕ್ಕರು. ವರದಿಗಾರ ಅದನ್ನು ಕಣ್ಣಾರೆ ಕಂಡ. ಆಗ ಲಕೋಟೆಯನ್ನು ಅವನು ಇನ್ನೂ ಅಂಟಿಸಿರಲಿಲ್ಲ.